ಕೋಡು, ಕನ್ನಡ, ಮತ್ತೆ ಮಂಜೇಶ್ವರದ ‘ಶ್ವ’

ಸಾಫ್ಟ್‌ವೇರ್ ಕೆಲ್ಸದವ್ರು ಇಬ್ರು ಸೇರಿದ್ರೆ ಈಗ ಮಾತು ಒಂದೇ, ಎಐ ಬಂದ್ಮೇಲೆ ನಿಮ್ಮ ಸ್ಪೀಡ್ ಎಷ್ಟು ಜಾಸ್ತಿ ಆಯ್ತು ಅಂತ. ಬೆಂಗ್ಳೂರಲ್ಲಿರುವ ಫ್ರೆಂಡ್ಸ್ ಫೋನಲ್ಲಿ ಕೇಳ್ತಾರೆ, ಇಲ್ಲಿ ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ ಸಿಕ್ಕಿದ ಇಂಜಿನಿಯರಿಂಗ್ ಹುಡುಗ್ರೂ ಅದನ್ನೇ ಕೇಳ್ತಾರೆ. ಸ್ಪೀಡ್ ಜಾಸ್ತಿ ಆಗಿದೆ, ಇಲ್ಲ ಅಂತ ಹೇಳುವುದಿಲ್ಲ, ಮೊದ್ಲು ಅರ್ಧ ದಿನ ಹಿಡಿತಿದ್ದ ಕೆಲ್ಸ ಚಾ ಕುಡಿದು ಬರುವಷ್ಟರಲ್ಲಿ ಸ್ಕ್ರೀನಲ್ಲಿ ಬಂದು ಕೂತಿರ್ತದೆ. ಆದ್ರೆ ನನ್ನ ತಲೆಯಲ್ಲಿ ಕೂತಿರುವ ಪ್ರಶ್ನೆ ಬೇರೆ: ಹೀಗೆ ಬರೆದು ಬಿಸಾಡಿದ್ದು ಸರಿ ಉಂಟಾ ಅಂತ ನೋಡುವವ್ರು ಯಾರು? ಅದ್ರಲ್ಲೂ ಕನ್ನಡದಲ್ಲಿ, ತುಳುವಿನಲ್ಲಿ, ನಮ್ಮ ಈ ಗಡಿಭಾಗದ ಊರುಗಳ ಹೆಸ್ರಲ್ಲಿ?

ಸ್ಪೀಡ್ ವಿಷ್ಯಕ್ಕೇ ಮೊದ್ಲು ಬರ್ತೇನೆ. 2025ರ ಜುಲೈಯಲ್ಲಿ ಮೀಟರ್ ಅಂತ ಒಂದು ಸಂಶೋಧನಾ ಸಂಸ್ಥೆ ಒಂದು ಸ್ಟಡಿ ಹೊರಗೆ ಹಾಕಿತು. 16 ಜನ ಅನುಭವಿ ಓಪನ್ ಸೋರ್ಸ್ ಡೆವಲಪರ್‌ಗಳು, ಅವ್ರವ್ರು ವರ್ಷಗಟ್ಲೆ ಕೆಲ್ಸ ಮಾಡಿದ ಪ್ರಾಜೆಕ್ಟೇ, ಒಟ್ಟು 246 ಕೆಲ್ಸ, ಕೆಲವಕ್ಕೆ ಎಐ ಬಳಸ್ಬಹುದು ಕೆಲವಕ್ಕೆ ಬಳಸ್ಬಾರ್ದು ಅಂತ ಚೀಟಿ ಎತ್ತಿದ ಹಾಗೆ ಹಂಚಿದ್ರು. ಶುರು ಮಾಡುವ ಮೊದ್ಲು ಅವ್ರ ಅಂದಾಜು ಏನಂದ್ರೆ 24 ಶೇಕಡಾ ಬೇಗ ಮುಗಿತದೆ ಅಂತ. ಎಲ್ಲ ಮುಗಿದ ಮೇಲೂ 20 ಶೇಕಡಾ ಬೇಗ ಆಯ್ತು ಅಂತಲೇ ಅವ್ರಿಗೆ ಅನಿಸಿತ್ತು. ಗಡಿಯಾರ ನೋಡಿದ್ರೆ 19 ಶೇಕಡಾ ತಡ ಆಗಿತ್ತು! 16 ಜನರ ಸ್ಟಡಿ, ಆ ಟೂಲ್‌ಗಳು ಕೂಡ ಈಗ ಹಳತಾದವು, ಹಾಗಾಗಿ ಇದನ್ನು ಹಿಡ್ಕೊಂಡು ಎಐ ಪ್ರಯೋಜನ ಇಲ್ಲ ಅಂತ ಹೇಳುವುದು ಸರಿಯಲ್ಲ. ನನಗೆ ಅದ್ರಲ್ಲಿ ಮುಖ್ಯ ಅಂತ ಕಂಡದ್ದು ಆ ಮೂರು ನಂಬರುಗಳ ನಡುವಿನ ಅಂತರ. ಕೈಯಲ್ಲಿ ಪಳಗಿದವ್ರಿಗೇ ತಮ್ಮ ಕೆಲ್ಸ ಬೇಗ ಆಯ್ತಾ ತಡ ಆಯ್ತಾ ಅಂತ ಒಳಗಿಂದ ಗೊತ್ತಾಗ್ಲಿಲ್ಲ. ಬರೆಯುವ ಹೊತ್ತು ಉಳಿತದೆ, ಬಂದದ್ದನ್ನು ಓದುವ, ತಿದ್ದುವ, ಕಾಯುವ ಹೊತ್ತು ಲೆಕ್ಕಕ್ಕೇ ಸಿಗುವುದಿಲ್ಲ.

ನಮ್ಮ ಕಡೆ ಅಡಿಕೆ ಸುಲಿಲಿಕ್ಕೆ ಮೆಷಿನ್ ಬಂದು ಎಷ್ಟೋ ವರ್ಷ ಆಯ್ತು. ಸುಲಿದು ರಾಶಿ ಹಾಕುವುದು ಬೇಗ ಆಗ್ತದೆ, ಆದ್ರೆ ಆ ರಾಶಿಯಲ್ಲಿ ಪಟೋರ ಯಾವ್ದು, ಉಳ್ಳಿಗಡ್ಡೆ ಯಾವ್ದು, ಕರಿಗೋಟು ಯಾವ್ದು ಅಂತ ಅಡಿಕೆಯ ಒಂದೊಂದು ದರ್ಜೆಯನ್ನು ಹೆಕ್ಕಿ ಬೇರೆ ಮಾಡುವುದು ಮನೆ ಜಗಲಿಯಲ್ಲಿ ಕೂತವ್ರ ಕಣ್ಣೇ, ಮೆಷಿನ್ ಬಂತು ಅಂತ ಆ ಕಣ್ಣಿಗೆ ಕೆಲ್ಸ ಕಮ್ಮಿ ಆಗ್ಲಿಲ್ಲ, ರಾಶಿ ದೊಡ್ಡದಾಯ್ತು ಅಷ್ಟೇ. ಕೋಡಿನ ವಿಷ್ಯದಲ್ಲಿ ಈಗ ಆಗ್ತಾ ಇರುವುದು ನನಗೆ ಸರಿಯಾಗಿ ಇದೇ ಅನಿಸ್ತದೆ, ಮತ್ತೆ ಕನ್ನಡದ ವಿಷ್ಯಕ್ಕೆ ಬಂದ್ರೆ ಹೆಕ್ಕುವ ಕಣ್ಣು ಬೇರೆ ಊರಿಂದ ಬರ್ಲಿಕ್ಕೆ ಸಾಧ್ಯವೇ ಇಲ್ಲ.

ಉದಾಹರಣೆ ಕೊಡ್ತೇನೆ. ಇಲ್ಲಿನ ಒಂದು ಸಂಸ್ಥೆಯವ್ರು ಗ್ರಾಹಕರಿಗೆ ಕನ್ನಡದಲ್ಲಿ ಎಸ್ಸೆಮ್ಮೆಸ್ ಕಳಿಸ್ಬೇಕು ಅಂತ ಹೊರಟ್ರು, ಒಳ್ಳೆ ವಿಷ್ಯ, ಕಾಸರಗೋಡಲ್ಲಿ ಕನ್ನಡದಲ್ಲಿ ಮೆಸೇಜ್ ಬರುವುದಂದ್ರೆ ನನಗೆ ನಿಜವಾಗಿ ಖುಷಿ. ಇಂಗ್ಲಿಷಲ್ಲಾದ್ರೆ ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ ಹಿಡಿತದೆ, ಕನ್ನಡ ಸೇರಿದ ಕೂಡ್ಲೇ ಅದು 70ಕ್ಕೆ ಇಳಿತದೆ, ಯಾಕಂದ್ರೆ ಆಗ ಪ್ರತಿ ಕ್ಯಾರೆಕ್ಟರಿಗೆ 7 ಬಿಟ್ ಬದ್ಲು 16 ಬಿಟ್ ಬೇಕು. ಅದಕ್ಕಾಗಿ ಮೊತ್ತ, ತಾರೀಕು, ಶಾಖೆ ಎಲ್ಲ 70ರೊಳಗೆ ಕೂರಿಸ್ಲಿಕ್ಕೆ ಅಂತ ಶಾಖೆಯ ಹೆಸ್ರಿಗೆ 6 ಕ್ಯಾರೆಕ್ಟರ್ ಅಂತ ಮಿತಿ ಹಾಕಿದ್ರು. ಆ ತುಂಡು ಕೋಡನ್ನು ಬರೆದದ್ದು ಎಐ ಅಸಿಸ್ಟೆಂಟ್. ನೀಟಾದ ಕೋಡು, ಕಮೆಂಟೆಲ್ಲ ಚೆಂದ, ಜೊತೆಗೆ ಕೋಡು ಸರಿ ಉಂಟಾ ಅಂತ ನೋಡುವ ಟೆಸ್ಟನ್ನೂ ಅದೇ ಬರೆದು ಕೊಟ್ಟಿತ್ತು, ಎಲ್ಲ ಪಾಸ್. ಆ ಟೆಸ್ಟಲ್ಲಿದ್ದ ಊರುಗಳೆಲ್ಲ ಇಂಗ್ಲಿಷ್ ಅಕ್ಷರದಲ್ಲಿ.

ಮೆಸೇಜ್ ನನ್ನ ಹತ್ರ ಬಂದದ್ದು ಒಬ್ರು ಪರಿಚಯದವ್ರ ಫೋನಿಂದ, ‘ಈ ಮಂಜೇಶ್ ಅಂದ್ರೆ ಯಾರು ಮಾರಾಯ್ರೆ’ ಅಂತ ಕೇಳಿದ್ರು. ನೋಡಿದ್ರೆ ‘ಮಂಜೇಶ್ ಶಾಖೆ’ ಅಂತ ಉಂಟು. ಮಂಜೇಶ್ವರ! ನಮ್ಮ ಲೆಕ್ಕದಲ್ಲಿ ಅದು ನಾಕು ಅಕ್ಷರ, ಮಂ, ಜೇ, ಶ್ವ, ರ. ಕಂಪ್ಯೂಟರ್ ಲೆಕ್ಕದಲ್ಲಿ ಎಂಟು: ಮ, ಅನುಸ್ವಾರ, ಜ, ಏತ್ವ, ಶ, ವಿರಾಮ (ವ್ಯಂಜನದ ಸ್ವರ ತೆಗೆಯುವ ‘್’ ಚಿಹ್ನೆ), ವ, ರ. ಎಲ್ಲ ಭಾಷೆಗಳ ಬರಹಕ್ಕೆ ಕಂಪ್ಯೂಟರಲ್ಲಿ ನಂಬರು ಕೊಡುವ ಯೂನಿಕೋಡ್ ಕನ್ನಡಕ್ಕೆ ಕೊಟ್ಟದ್ದು ಹಾಗೆ, ಅಕ್ಷರ ಒಂದೊಂದಕ್ಕೆ ಒಂದು ನಂಬರಲ್ಲ, ಅಕ್ಷರ ಕಟ್ಟುವ ತುಂಡುಗಳಿಗೆ ಒಂದೊಂದು ನಂಬರು. ಆರಕ್ಕೆ ಕತ್ತರಿ ಹಾಕಿದ್ರೆ ವಿರಾಮದ ಹತ್ರ ಸರಿಯಾಗಿ ಕಡಿತದೆ, ಉಳಿಯುವುದು ಒಬ್ಬ ಮನುಷ್ಯನ ಹೆಸ್ರು. ಹಾಗೇ ಬೇರೆ ಊರುಗಳನ್ನೂ ಹಾಕಿ ನೋಡಿದೆ, ಕುಂಬಳೆ ಉಪ್ಪಳ ಬಚಾವ್, ಕಾಸರಗೋಡು ಹೋಗಿ ‘ಕಾಸರಗೋ’, ಬದಿಯಡ್ಕ ‘ಬದಿಯಡ್’, ಮುಳ್ಳೇರಿಯ ಬರೀ ‘ಮುಳ್ಳೇ’.

ಇದು ಕ್ರ್ಯಾಶ್ ಆಗುವ ಬಗ್ ಅಲ್ಲ. ಲಾಗಲ್ಲಿ ಎರರ್ ಬರುವುದಿಲ್ಲ, ಮಾನಿಟರಿಂಗ್ ಡ್ಯಾಶ್‌ಬೋರ್ಡ್ ಪೂರ್ತಿ ಹಸಿರು, ಮೆಸೇಜ್ ಹೋಯ್ತು ಅಂತ ರಿಪೋರ್ಟ್ ಕೂಡ ಬರ್ತದೆ. ಕನ್ನಡ ಓದ್ಲಿಕ್ಕೆ ಬರುವ ಒಬ್ಬ ಮನುಷ್ಯ ಕಣ್ಣು ಹಾಯಿಸಿದ್ರೆ ಮಾತ್ರ ಗೊತ್ತಾಗುವಂಥದ್ದು, ಅದೂ ಮಂಜೇಶ್ವರ ಅಂತ ಒಂದು ಊರುಂಟು ಅಂತ ಗೊತ್ತಿರುವ ಮನುಷ್ಯ.

ಸರಿ ಮಾಡುವುದು ಹೇಗೆ ಅಂತ ಕೂತಾಗ ಸಿಕ್ಕಿದ ವಿಷ್ಯ ಇನ್ನೂ ದೊಡ್ಡದು, ಅದನ್ನು ಹೇಳ್ಲಿಕ್ಕೇ ಇಷ್ಟೆಲ್ಲ ಬರೆದದ್ದು ಅಂತ ಇಟ್ಕೊಳ್ಳಿ. ಅಕ್ಷರ ಎಲ್ಲಿ ಮುಗಿತದೆ ಅಂತ ಕಂಪ್ಯೂಟರಿಗೆ ಹೇಳ್ಲಿಕ್ಕೆ ಯೂನಿಕೋಡಲ್ಲೇ ನಿಯಮ ಉಂಟು, ಅದಕ್ಕೆ ಗ್ರಾಫೀಮ್ ಕ್ಲಸ್ಟರ್ ಅಂತಾರೆ. ಬ್ರೌಸರ್‌ಗಳಲ್ಲಿ ಸೆಗ್ಮೆಂಟರ್ ಅಂತ ಸಿದ್ಧ ಸಾಧನವೇ ಉಂಟು, 2024ರ ಏಪ್ರಿಲಲ್ಲಿ ಫೈರ್‌ಫಾಕ್ಸ್ 125ಕ್ಕೂ ಅದು ಬಂದ ಮೇಲೆ ಎಲ್ಲ ದೊಡ್ಡ ಬ್ರೌಸರಲ್ಲಿ ಸಿಗ್ತದೆ. ಹಾಗಾದ್ರೆ ಅದನ್ನು ಬಳಸಿದ್ರೆ ಮುಗೀತಲ್ವಾ? ಇಲ್ಲ. ಅದಕ್ಕೆ ಮಂಜೇಶ್ವರ ಕೊಟ್ರೆ ಮಂ, ಜೇ, ಶ್, ವ, ರ ಅಂತ ಐದು ತುಂಡು ಮಾಡಿ ಕೊಡ್ತದೆ. ಮೂರು ಅಕ್ಷರ ಸಾಕು ಅಂತ ಹೇಳಿದ್ರೆ ಪುನಃ ಅದೇ ಮಂಜೇಶ್.

2023ರ ಸೆಪ್ಟೆಂಬರಲ್ಲಿ ಬಂದ ಯೂನಿಕೋಡ್ 15.1ರಲ್ಲಿ ಒತ್ತಕ್ಷರ ಒಡೀಬಾರ್ದು ಅಂತ ಹೊಸ ನಿಯಮ ಸೇರಿಸಿದ್ರು. ಅದು ಯಾವ ಲಿಪಿಗಳಿಗೆ ಅಂದ್ರೆ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳ. ಆ ಪಟ್ಟಿಯಲ್ಲಿ ಕನ್ನಡ ಇಲ್ಲ. ತೆಲುಗಿನದ್ದೂ ನಮ್ಮದೂ ಲಿಪಿ ಅಕ್ಕ ತಂಗಿ ಅಂತ ಶಾಲೆ ಮಕ್ಕಳಿಗೂ ಗೊತ್ತು, ಒತ್ತು ಕೊಡುವ ರೀತಿ ಕೂಡ ಹೆಚ್ಚು ಕಮ್ಮಿ ಅದೇ. ಕಾಸರಗೋಡಲ್ಲಿ ಬಸ್ ಬೋರ್ಡಲ್ಲಿ ಕನ್ನಡ, ಮಲಯಾಳ ಎರಡೂ ಲಿಪಿಯಲ್ಲಿ ಮಂಜೇಶ್ವರ ಅಂತ ಬರೆದಿರ್ತಾರೆ. ಆ ಎರಡನ್ನೂ ಒಂದೇ ಪ್ರೋಗ್ರಾಮಿಗೆ ಕೊಡಿ, ಮಲಯಾಳದ್ದರಲ್ಲಿ ಶ್ವ ಒಟ್ಟಿಗೆ ಉಳಿತದೆ, ಕನ್ನಡದ್ದರಲ್ಲಿ ಒಡಿತದೆ. ಇದನ್ನು ನೋಡಿದ ದಿವ್ಸ ನನಗೆ ಬೇಜಾರಾಯ್ತು, ಸುಳ್ಳು ಹೇಳುವುದಿಲ್ಲ.

ನನ್ನ ಕೈಯಲ್ಲಾಗುವ ರಿಪೇರಿ ಸಣ್ಣದು: ತುಂಡು ವಿರಾಮದಲ್ಲಿ ಮುಗಿದು ಮುಂದಿನದ್ದು ವ್ಯಂಜನದಿಂದ ಶುರುವಾದ್ರೆ ಎರಡನ್ನೂ ಸೇರಿಸು ಅಂತ ನಾಕು ಸಾಲು. ಅದಕ್ಕಿಂತ ಒಳ್ಳೇದು ಊರಿನ ಹೆಸ್ರಿಗೆ ಕತ್ತರಿ ಹಾಕುವ ಯೋಚ್ನೆಯನ್ನೇ ಬಿಡುವುದು, ಬೇಕಾದ್ರೆ ಎರಡು ಎಸ್ಸೆಮ್ಮೆಸ್ ಹೋಗ್ಲಿ. ಅವ್ರಿಗೆ ಹಾಗೇ ಹೇಳಿದೆ, ಒಪ್ಪಿದ್ರು.

ಮಲಯಾಳದವ್ರ ಬಗ್ಗೆ ಇಲ್ಲಿ ಒಂದು ಮಾತು ಹೇಳ್ಬೇಕು, ನಾವು ಅವ್ರ ಪಕ್ಕದಲ್ಲೇ ಇದ್ದು ನೋಡಿದವ್ರಲ್ವಾ. ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಅಂತ ಸ್ವಯಂಸೇವಕರ ಗುಂಪು 2000ದ ದಶಕದ ಶುರುವಿಂದ ಫಾಂಟು, ಸ್ಪೆಲ್ ಚೆಕ್ಕು, ಅನುವಾದ ಅಂತ ಕೂತು ಮಾಡಿದ್ರು, ಚಿಲ್ಲಕ್ಷರಕ್ಕೆ, ಅಂದ್ರೆ ಸ್ವರ ಸೇರದ ವ್ಯಂಜನಕ್ಕೆ ಮಲಯಾಳದಲ್ಲಿರುವ ಬೇರೆ ರೂಪಕ್ಕೆ, ಪ್ರತ್ಯೇಕ ಕೋಡ್ ಬೇಕಾ ಬೇಡ್ವಾ ಅಂತ ವರ್ಷಗಟ್ಲೆ ಬಹಿರಂಗವಾಗಿ ಜಗಳ ಆಡಿದ್ರು, ಕೊನೆಗೆ 2008ರ ಯೂನಿಕೋಡ್ 5.1ರಲ್ಲಿ ಕೋಡ್ ಬಂದೇ ಬಂತು. ನನಗೆ ಆ ಜಗಳವೇ ದೊಡ್ಡ ಆಸ್ತಿ ಅಂತ ಕಾಣ್ತದೆ. ಒಂದು ಭಾಷೆಯ ಅಕ್ಷರ ಕಂಪ್ಯೂಟರಲ್ಲಿ ಹೇಗಿರ್ಬೇಕು ಅಂತ ನೂರಾರು ಜನ ತಲೆ ಕೆಡಿಸ್ಕೊಳ್ಳುವುದು ಸಣ್ಣ ವಿಷ್ಯ ಅಲ್ಲ. ನಮ್ಮಲ್ಲೂ ಅಂಥವ್ರು ಇರ್ಲಿಲ್ಲ ಅಂತಲ್ಲ, ಇಲ್ಲಿಂದ ದೂರ ಇಲ್ಲದ ಕಿನ್ನಿಕಂಬಳದ ಕೆ. ಪಿ. ರಾವ್ ಅವ್ರು ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲೇ ಅಲ್ವಾ ಇವತ್ತಿಗೂ ಲಕ್ಷಾಂತರ ಜನ ಕನ್ನಡ ಟೈಪ್ ಮಾಡುವುದು, ಅವ್ರು ಮಾಡಿದ ಸಾಫ್ಟ್‌ವೇರಿಗೆ ಕನ್ನಡ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಗೌರವಕ್ಕೆ ‘ಸೇಡಿಯಾಪು’ ಅಂತಲೇ ಹೆಸ್ರಿಟ್ಟಿದ್ರು. ಆ ಕಾಲದಲ್ಲಿ ಕೀಲಿ ಒತ್ತಿದ್ರೆ ಅಕ್ಷರ ಹೇಗೆ ಕೂಡ್ತದೆ ಅಂತ ಒಂದೊಂದಾಗಿ ಯೋಚಿಸಿದವ್ರು ಅವ್ರೆಲ್ಲ.

ನೋಡುವ ಕಣ್ಣಿನ ಮಾತು ಬಂದಾಗ ನನಗೆ ತಪ್ಪದೆ ನೆನಪಾಗುವುದು 2024ರ ಮಾರ್ಚ್ 29. ಎಕ್ಸ್‌ಝಡ್ ಅಂತ ಒಂದು ಫೈಲ್ ಕುಗ್ಗಿಸುವ ಲೈಬ್ರರಿ, ಲಿನಕ್ಸ್ ಇರುವಲ್ಲೆಲ್ಲ ಇರುವಂಥದ್ದು. ಜಿಯಾ ಟಾನ್ ಅಂತ ಹೆಸ್ರಿಟ್ಕೊಂಡ ಯಾರೋ ಎರಡು ವರ್ಷಕ್ಕೂ ಹೆಚ್ಚು ಕಾಲ ನಿಷ್ಠೆಯಿಂದ ಕೆಲ್ಸ ಮಾಡಿದ ಹಾಗೆ ಮಾಡಿ, ದಣಿದಿದ್ದ ಮೂಲ ಮೇಂಟೇನರ್ ಹತ್ರ ವಿಶ್ವಾಸ ಗಳಿಸಿ, 5.6.0 ಮತ್ತೆ 5.6.1 ಆವೃತ್ತಿಯಲ್ಲಿ ಗುಟ್ಟಾಗಿ ಒಳನುಗ್ಗುವ ಹಿಂಬಾಗಿಲು ಇಟ್ಟ. ಸಿಕ್ಕಿಬಿದ್ದದ್ದು ಹೇಗೆ ಗೊತ್ತುಂಟಾ, ಆಂಡ್ರೆಸ್ ಫ್ರಾಯಿಂಡ್ ಅಂತ ಒಬ್ಬ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಡೆವಲಪರ್ ಬೇರೆ ಏನೋ ಅಳೆಯುತ್ತಿದ್ದಾಗ ಸರ್ವರಿಗೆ ಲಾಗಿನ್ ಆಗ್ಲಿಕ್ಕೆ ಅರ್ಧ ಸೆಕೆಂಡ್ ಜಾಸ್ತಿ ಹಿಡಿತದಲ್ಲಾ ಅಂತ ಅವ್ನಿಗೆ ಅನಿಸಿತು, ಬಿಡ್ಲಿಲ್ಲ, ಬುಡದವರೆಗೆ ಹೋದ. ಅರ್ಧ ಸೆಕೆಂಡನ್ನು ಬಿಟ್ಟುಬಿಡದ ಆ ಮನುಷ್ಯನ ಮೇಲೆ ನನಗೆ ತುಂಬ ಗೌರವ. ಈಗ ದಿನಕ್ಕೆ ಸಾವಿರ ಸಾಲು ಕೋಡು ಬಂದು ಬೀಳುವಾಗ ಹಾಗೆ ನಿಂತು ನೋಡುವ ಪುರುಸೊತ್ತು ಕಂಪೆನಿಗಳು ಕೊಡ್ತಾವಾ ಅಂತ ಯೋಚ್ನೆ ಬರ್ತದೆ.

ಇನ್ನು ಮಾತಿನ ವಿಷ್ಯ. ನಮ್ಮ ಮನೆಯಲ್ಲಿ ಹಳೆ ತಾಳಮದ್ದಳೆ ಕ್ಯಾಸೆಟ್‌ಗಳಿದ್ದವು, ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ಕುಂಬಳೆಯ ಆಚೀಚೆ ಇರುವ ಯಾವ ಹಳೆ ಮನೆಗೆ ಹೋದ್ರೂ ಒಂದು ಪೆಟ್ಟಿಗೆ ಇರ್ತದೆ ಬಿಡಿ. ಅದನ್ನೆಲ್ಲ ಡಿಜಿಟಲ್ ಮಾಡಿದ ಮೇಲೆ ಅರ್ಥಧಾರಿಗಳ ಮಾತನ್ನು ಪಠ್ಯ ಮಾಡಿದ್ರೆ ಹುಡುಕ್ಲಿಕ್ಕಾದ್ರೂ ಆಗ್ತದಲ್ಲಾ ಅಂತ ವಿಸ್ಪರ್ ಓಡಿಸಿದೆ. ಓಪನ್‌ಎಐಯವ್ರು 2022ರ ಸೆಪ್ಟೆಂಬರಲ್ಲಿ ಎಲ್ಲರಿಗೂ ಬಿಟ್ಟ ಮಾಡೆಲ್ ಅದು, 6,80,000 ಗಂಟೆ ಆಡಿಯೋ ಕೇಳಿಸಿ ಕಲಿಸಿದ್ದು. ಅಷ್ಟು ಗಂಟೆಯಲ್ಲಿ ಕನ್ನಡ ಮಾತನ್ನು ಕನ್ನಡದಲ್ಲೇ ಬರೆಯಲು ಕಲಿಸಿದ್ದು ಎಷ್ಟು ಅಂತ ಅವ್ರ ಪೇಪರಿನ ಕೊನೆಯ ಚಾರ್ಟಲ್ಲಿ ನೋಡಿದ್ರೆ ನಾಕು ಗಂಟೆಗೂ ಕಮ್ಮಿ. ಮಲಯಾಳ ಒಂದು ಗಂಟೆಯೂ ಇಲ್ಲ. ಒಂದು ರಾತ್ರಿಯ ಪ್ರಸಂಗ ಅದಕ್ಕಿಂತ ಉದ್ದ ಇರ್ತದೆ!

ಅಷ್ಟರಲ್ಲೂ ಅದು ಏನೋ ಬರಿತದೆ ಅನ್ನುವುದೇ ಆಶ್ಚರ್ಯ. ಒಬ್ರೇ ನಿಧಾನ ಪೀಠಿಕೆ ಹೇಳುವಾಗ ಗ್ರಾಂಥಿಕ ಕನ್ನಡದ ಉದ್ದುದ್ದ ವಾಕ್ಯಗಳಲ್ಲಿ ಅಲ್ಲೊಂದು ಇಲ್ಲೊಂದು ಶಬ್ದ ಸರಿಯಾಗಿ ಹಿಡಿತದೆ, ಅರ್ಥ ಹೊಳಿಯುವಷ್ಟು. ಭಾಗವತರು ಪದ ಎತ್ತಿದ್ರೋ, ಚೆಂಡೆ ಬಿತ್ತೋ, ಅಲ್ಲಿಗೆ ಮುಗೀತು, ಯಾರೂ ಹೇಳದ ವಾಕ್ಯವನ್ನು ಬರಿಲಿಕ್ಕೆ ಶುರು ಮಾಡ್ತದೆ, ಒಂದೇ ವಾಕ್ಯವನ್ನು ಮತ್ತೆ ಮತ್ತೆ. ಮಾತಿಲ್ಲದ ಕಡೆ ಹೀಗೆ ಕಟ್ಟಿ ಬರೆಯುವ ಚಾಳಿ ಆ ಮಾಡೆಲಿಗೆ ಇಂಗ್ಲಿಷಲ್ಲೂ ಉಂಟು. ನನಗೆ ಹೆದರಿಕೆ ಆಗುವುದು ಏನಂದ್ರೆ ಕಟ್ಟಿ ಬರೆದದ್ದೂ ನೋಡ್ಲಿಕ್ಕೆ ಕನ್ನಡದ ಹಾಗೇ ಇರ್ತದೆ, ಕ್ಯಾಸೆಟ್ ಕೇಳಿದವ್ರು ಪಕ್ಕದಲ್ಲಿ ಕೂತು ಹೋಲಿಸದಿದ್ರೆ ನಾಳೆ ಯಾರೋ ದೊಡ್ಡ ಕಲಾವಿದ್ರು ಹೇಳದ ಮಾತು ಅವ್ರ ಹೆಸ್ರಲ್ಲಿ ಉಳ್ಕೊಂಡುಬಿಡ್ತದೆ.

ಇನ್ನೊಂದು ತೊಂದ್ರೆ ಅದ್ರ ವಿನ್ಯಾಸದಲ್ಲೇ ಉಂಟು. ಆಡಿಯೋವನ್ನು 30 ಸೆಕೆಂಡಿನ ತುಂಡು ಮಾಡಿ ಕೇಳ್ತದೆ, ಇದು ಯಾವ ಭಾಷೆ ಅಂತ ಮೊದಲ ತುಂಡು ನೋಡಿ ನಿರ್ಧಾರ ಮಾಡ್ತದೆ, ಆಮೇಲೆ ಅದೇ ಭಾಷೆ ಅಂತ ಹಿಡ್ಕೊಂಡು ಹೋಗ್ತದೆ. ಕಾಸರಗೋಡಿನ ಮನೆಯಲ್ಲಿ 30 ಸೆಕೆಂಡಿಗೆ ಒಂದೇ ಭಾಷೆ ಯಾವಾಗ ಇರ್ತದೆ ಹೇಳಿ? ಅಮ್ಮನ ಹತ್ರ ಹವ್ಯಕ ಕನ್ನಡ, ತೋಟದ ಕೆಲ್ಸಕ್ಕೆ ಬಂದವ್ರ ಹತ್ರ ತುಳು, ಅದರ ನಡುವೆ ಕರೆಂಟ್ ಆಫೀಸಿಂದ ಫೋನ್ ಬಂದ್ರೆ ಮಲಯಾಳ, ಎಲ್ಲ ಒಂದೇ ಉಸಿರಲ್ಲಿ. ತುಳು ಅಂತೂ ಆ ಮಾಡೆಲಿನ ಭಾಷೆಗಳ ಪಟ್ಟಿಯಲ್ಲೇ ಇಲ್ಲ. ಮದ್ರಾಸ್ ಐಐಟಿಯ ಎಐ4ಭಾರತ್ ತಂಡದವ್ರು ಭಾರತದ ಭಾಷೆಗಳಿಗೆ ಅಂತಲೇ ಧ್ವನಿ ಸಂಗ್ರಹ ಮಾಡಿ ಮಾಡೆಲ್ ಮಾಡ್ತಿದ್ದಾರೆ, ಕನ್ನಡಕ್ಕೆ ಅವು ಎಷ್ಟೋ ವಾಸಿ, ನಾನು ಈಗ ಬಳಸುವುದು ಅದನ್ನೇ. ಆದ್ರೆ ಅವ್ರು ಹಿಡಿದದ್ದು ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆ. ತುಳು, ಬ್ಯಾರಿ ಅದ್ರ ಹೊರಗೆ.

ತುಳುವಿಗೆ ಒಳ್ಳೆ ಸುದ್ದಿ ಬಂದದ್ದು 2024ರಲ್ಲಿ. ಜೂನಲ್ಲಿ ಗೂಗಲ್ ಟ್ರಾನ್ಸ್‌ಲೇಟ್ ಒಂದೇ ಸಲಕ್ಕೆ 110 ಭಾಷೆ ಸೇರಿಸಿತು, ಅದ್ರಲ್ಲಿ ತುಳುವೂ ಉಂಟು. ಕನ್ನಡ ಅಲ್ಲಿಗೆ ಬಂದದ್ದು 2011ರ ಜೂನಲ್ಲಿ, 13 ವರ್ಷದ ವ್ಯತ್ಯಾಸ. ಅದೇ ವರ್ಷ ಸೆಪ್ಟೆಂಬರಲ್ಲಿ ಯೂನಿಕೋಡ್ 16ರಲ್ಲಿ ತುಳು-ತಿಗಳಾರಿ ಲಿಪಿಗೂ ಜಾಗ ಸಿಕ್ಕಿತು. ಆ ದಿನಗಳಲ್ಲಿ ವಾಟ್ಸಾಪ್ ಗ್ರೂಪುಗಳಲ್ಲಿ ಎಷ್ಟು ಸಂಭ್ರಮ ಇತ್ತು! ಸಂಭ್ರಮ ಸರಿಯೇ. ಆಮೇಲೆ ಅದ್ರ ಅನುವಾದವನ್ನು ಮನೆಯ ಹಿರಿಯರಿಗೆ ಓದಿ ಹೇಳಿದ್ರೆ ಇದು ಯಾವ ಊರಿನ ತುಳು ಅಂತ ಕೇಳ್ತಾರೆ. ತುಳು ಮಾತಲ್ಲಿರುವುದು ಎಲ್ಲ ಕನ್ನಡ ಲಿಪಿಗೆ ಇಳಿಯುವುದಿಲ್ಲ, ‘ಪೋಪೆ’ ಅಂತ ಬರೆದ್ರೆ ನಾನು ಹೋಗುವುದೋ ಅವ ಹೋಗುವುದೋ ಅಂತ ಕಾಗದದಲ್ಲಿ ಗೊತ್ತಾಗುವುದಿಲ್ಲ, ಕೊನೆಯ ಸ್ವರ ಬಾಯಲ್ಲಿ ಬೇರೆ ಬೇರೆ, ಬರಹದಲ್ಲಿ ಒಂದೇ. ಬರೀ ಬರಹ ನುಂಗಿ ಕಲಿತ ಮಾಡೆಲಿಗೆ ಆ ವ್ಯತ್ಯಾಸ ಸಿಗ್ಬೇಕಾದ್ರೆ ಅದು ಎಲ್ಲಿಂದ ಸಿಗ್ಬೇಕು? ಧ್ವನಿ ಬೇಕು, ಧ್ವನಿಯ ಜೊತೆಗೆ ಇದು ಇಂಥದ್ದು ಅಂತ ಗುರುತು ಹಾಕುವ ಜನ ಬೇಕು, ಪುತ್ತೂರಿನವ್ರು ಒಂದು, ಪೈವಳಿಕೆಯವ್ರು ಒಂದು.

ಖರ್ಚಿನ ವಿಷ್ಯ ಬೇಗ ಹೇಳಿ ಮುಗಿಸ್ತೇನೆ. ಈ ಭಾಷಾ ಮಾಡೆಲ್‌ಗಳು ಹಣ ಲೆಕ್ಕ ಹಾಕುವುದು ಟೋಕನಲ್ಲಿ, ಅಂದ್ರೆ ಪಠ್ಯವನ್ನು ಒಡೆದ ತುಂಡುಗಳ ಲೆಕ್ಕದಲ್ಲಿ; ಒಡೆಯುವ ಪ್ರೋಗ್ರಾಮಿಗೆ ಟೋಕನೈಸರ್ ಅಂತಾರೆ. ಇಂಗ್ಲಿಷಿನ ಒಂದು ಸಾಮಾನ್ಯ ಶಬ್ದ ಹೆಚ್ಚಾಗಿ ಒಂದೇ ಟೋಕನ್. ಕನ್ನಡದ ಪ್ರತಿ ಚಿಹ್ನೆಗೆ ಯುಟಿಎಫ್-8 ಅನ್ನುವ ಸಂಗ್ರಹ ವಿಧಾನದಲ್ಲಿ 3 ಬೈಟ್, ‘ಕಾಸರಗೋಡು’ ಅಂದ್ರೆ 24 ಬೈಟ್, ಕನ್ನಡ ಸರಿಯಾಗಿ ನೋಡದ ಟೋಕನೈಸರ್ ಅದನ್ನು ಪುಡಿ ಪುಡಿ ಮಾಡಿ ಅಷ್ಟಕ್ಕೂ ದುಡ್ಡು ತಗೊಳ್ತದೆ. 2024ರ ಮೇಯಲ್ಲಿ ಓಪನ್‌ಎಐಯವ್ರ ಜಿಪಿಟಿ-4ಒ ಮಾಡೆಲ್ ಬಂದಾಗ ಹೊಸ ಟೋಕನೈಸರಿಂದ ಎಷ್ಟು ಉಳಿತಾಯ ಅಂತ 20 ಭಾಷೆಗಳ ಪಟ್ಟಿ ಕೊಟ್ಟಿದ್ರು, ಗುಜರಾತಿಗೆ 4.4 ಪಟ್ಟು ಕಮ್ಮಿ, ತೆಲುಗಿಗೆ 3.5 ಪಟ್ಟು, ತಮಿಳಿಗೆ 3.3 ಪಟ್ಟು ಅಂತ. ಕನ್ನಡಕ್ಕೂ ಉಳಿತಾಯ ಆಗಿದೆ, ಬಳಸಿದ್ರೆ ಗೊತ್ತಾಗ್ತದೆ, ಪಟ್ಟಿಯಲ್ಲಿ ಮಾತ್ರ ಇರ್ಲಿಲ್ಲ. ಒಂದೇ ಪ್ರಶ್ನೆಗೆ ಕನ್ನಡದವ್ರು ಜಾಸ್ತಿ ಕೊಡ್ಬೇಕು ಅನ್ನುವುದು ಯಾರೋ ಬೇಕಂತ ಮಾಡಿದ ನಿಯಮ ಅಲ್ಲ, ಟೋಕನೈಸರ್ ಕಲಿಯುವಾಗ ಎದುರಿಗಿದ್ದ ಪಠ್ಯದಲ್ಲಿ ಕನ್ನಡ ಎಷ್ಟಿತ್ತು ಅನ್ನುವುದರ ಲೆಕ್ಕ ಅದು.

ಇದೆಲ್ಲದ್ರ ನಡುವೆ ನನಗೆ ಬಹಳ ಧೈರ್ಯ ಕೊಟ್ಟದ್ದು ಒಂದು ಶಾಲಾ ಪುಸ್ತಕ. ಕೇರಳದಲ್ಲಿ 2024ರ ಜೂನಿಂದ ಏಳನೇ ಕ್ಲಾಸಿನ ಐಸಿಟಿ (ಮಾಹಿತಿ ತಂತ್ರಜ್ಞಾನ) ಪುಸ್ತಕದಲ್ಲಿ ಎಐ ಪಾಠ ಸೇರಿಸಿದ್ದಾರೆ, ಸರ್ಕಾರದ ಕೈಟ್ ಸಂಸ್ಥೆ ಮಾಡಿದ್ದು, ಮಕ್ಕಳು ಮುಖದ ಭಾವ ಗುರುತಿಸುವ ಒಂದು ಪ್ರೋಗ್ರಾಮನ್ನು ತಾವೇ ಮಾಡ್ಬೇಕು. ಆ ಪುಸ್ತಕ ಮಲಯಾಳ, ಇಂಗ್ಲಿಷ್, ತಮಿಳಿನ ಜೊತೆ ಕನ್ನಡದಲ್ಲೂ ಉಂಟು. 1956ರಲ್ಲಿ ಕೇರಳಕ್ಕೆ ಸೇರಿದ ಈ ಊರಲ್ಲಿ ಕನ್ನಡ ಮೀಡಿಯಂ ಮಗುವೊಂದು 12 ವರ್ಷಕ್ಕೆ ಮಷೀನ್ ಲರ್ನಿಂಗ್ ಅಂದ್ರೆ ಏನು ಅಂತ ಕನ್ನಡದಲ್ಲಿ ಓದ್ತದೆ. ಕನ್ನಡ ಮೀಡಿಯಂ ಓದಿದ್ರೆ ಕಂಪ್ಯೂಟರ್ ಗೊತ್ತಾಗುವುದಿಲ್ಲ ಅಂತ ಹೇಳುವವ್ರಿಗೆ ನಾನು ಈ ಪುಸ್ತಕವನ್ನೇ ತೋರಿಸುವುದು. ಶಾಲೆಗಳಲ್ಲಿ ಲಿಟಲ್ ಕೈಟ್ಸ್ ಅಂತ ಐಟಿ ಕ್ಲಬ್ ಬೇರೆ ಉಂಟು, ಲ್ಯಾಬಲ್ಲಿ ಫ್ರೀ ಸಾಫ್ಟ್‌ವೇರ್ ಉಂಟು. ಮುಖದ ಭಾವ ಗುರುತಿಸಿದ ಮಕ್ಕಳಿಗೆ ಊರಿನ ಹೆಸ್ರು ಎಲ್ಲಿ ಒಡಿತದೆ ಅಂತ ಗುರುತಿಸುವುದು ದೊಡ್ಡ ಕೆಲ್ಸವೇ ಅಲ್ಲ.

ಹಾಗಾಗಿ ನಾನು ಈಗ ಒಂದು ಫೈಲ್ ಮಾಡ್ತಾ ಇದ್ದೇನೆ, ಯಾವ ಪ್ರೋಗ್ರಾಮಿಗೆ ಬೇಕಾದ್ರೂ ಕೊಟ್ಟು ಪರೀಕ್ಷೆ ಮಾಡ್ಬಹುದಾದ ಪಟ್ಟಿ, ಎಲ್ಲ ನಮ್ಮ ಜಿಲ್ಲೆಯ ಪಂಚಾಯತುಗಳ ಹೆಸ್ರು. ಕೂತು ನೋಡಿದ್ರೆ ಇದಕ್ಕಿಂತ ಒಳ್ಳೆ ಟೆಸ್ಟ್ ಡೇಟಾ ಯಾರೂ ಕಟ್ಟಿ ಕೊಡ್ಲಿಕ್ಕಿಲ್ಲ. ವರ್ಕಾಡಿಯಲ್ಲಿ ಅರ್ಕಾವೊತ್ತು, ಎಣ್ಮಕಜೆಯಲ್ಲಿ ಣ್ಮ, ಮಂಗಲ್ಪಾಡಿಯಲ್ಲಿ ಲ್ಪಾ, ಕುಂಬ್ಡಾಜೆಯಲ್ಲಿ ಅನುಸ್ವಾರದ ಬೆನ್ನಿಗೇ ಒತ್ತಕ್ಷರ. ಮೊಗ್ರಾಲ್ ಪುತ್ತೂರು ಅಂತೂ ಬಹಳ ಚೆಂದ, ನಡುವಿನ ಸ್ಪೇಸನ್ನು ಯಾವ್ದಾದ್ರೂ ಕ್ಲೀನಿಂಗ್ ಕೋಡು ತಿಂದ್ರೆ ಲ್ ಹೋಗಿ ಪುವಿಗೆ ಅಂಟಿ ‘ಮೊಗ್ರಾಲ್ಪುತ್ತೂರು’ ಆಗ್ತದೆ, ಅಂಟದ ಹಾಗೆ ಇಡ್ಬೇಕಾದ್ರೆ ನಡುವೆ ಕಾಣದ ಒಂದು ಚಿಹ್ನೆ ಇಡ್ಬೇಕು, ಅಂಥ ಕಾಣದ ಚಿಹ್ನೆಗಳನ್ನು ಕಸ ಅಂತ ಗುಡಿಸುವ ಕೋಡನ್ನು ಎಐ ಟೂಲ್‌ಗಳು ಪದೇ ಪದೇ ಬರಿತಾವೆ. ‘ರ‍್ಯಾಲಿ’ ಅಂತ ಸರಿಯಾಗಿ ಬರಿಲಿಕ್ಕೂ ಅಂಥದ್ದೇ ಒಂದು ಚಿಹ್ನೆ ರಕಾರದ ಪಕ್ಕ ಅಡಗಿ ಕೂತಿರ್ತದೆ, ಗುಡಿಸಿದ್ರೆ ಅದು ‘ರ್ಯಾಲಿ’ ಆಗಿ ರಕಾರ ಮೇಲಿಂದ ಜಾರಿ ಬಲಗಡೆ ಅರ್ಕಾವೊತ್ತಾಗಿ ನಿಲ್ತದೆ. ಪತ್ರಿಕೆಗಳ ವೆಬ್‌ಸೈಟಲ್ಲಿ ಇದನ್ನು ಹುಡುಕಿದ್ರೆ ಕೆಲವು ಸುದ್ದಿ ಸಿಗದೇ ಇರುವುದಕ್ಕೆ ಇದೂ ಒಂದು ಕಾರಣ ಇರ್ಬಹುದು.

ಫೈಲಿನಲ್ಲಿ ಪ್ರತಿ ಹೆಸ್ರಿನ ಎದುರು ಎಷ್ಟು ಅಕ್ಷರ, ಎಲ್ಲಿ ಕಡಿಬಹುದು ಎಲ್ಲಿ ಕಡಿಬಾರ್ದು, ಮಲಯಾಳದಲ್ಲಿ ಬರೆದ್ರೆ ಎಷ್ಟು, ಇಷ್ಟೂ ಹಾಕ್ತಿದ್ದೇನೆ. ಒತ್ತಕ್ಷರದ ನಿಯಮಕ್ಕೆ ಕನ್ನಡವನ್ನೂ ಸೇರಿಸಿ ಅಂತ ಯೂನಿಕೋಡಿಗೆ ಬರೀಬೇಕು ಅಂತ ಉಂಟು, ಅಲ್ಲಿಗೆ ಯಾರು ಬೇಕಾದ್ರೂ ಬರೀಬಹುದು, ಬರೆಯುವಾಗ ಉದಾಹರಣೆ ಇರ್ಬೇಕು, ಭಾಷೆ ಬಳಸುವವ್ರು ನಿಜವಾಗಿ ಹಾಗೇ ಎಣಿಸ್ತಾರೆ ಅಂತ ಆಧಾರ ಇರ್ಬೇಕು. ಅಲ್ಲೇ ನನಗೆ ಇನ್ನೂ ತೀರ್ಮಾನ ಆಗದ ಒಂದು ವಿಷ್ಯ ಉಂಟು. ಎಣಿಸುವಾಗ ಶ್ವ ಒಂದೇ ಅಕ್ಷರ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಟೈಪ್ ಮಾಡುವಾಗ? ಕರ್ಸರ್ ಬಾಣದ ಕೀ ಒತ್ತಿದ್ರೆ ಶ ಮತ್ತೆ ವ ನಡುವೆ ನಿಲ್ಬೇಕಾ, ಅಥವಾ ಒಂದೇ ನೆಗೆತಕ್ಕೆ ದಾಟ್ಬೇಕಾ? ಬ್ಯಾಕ್‌ಸ್ಪೇಸ್ ಒತ್ತಿದ್ರೆ ಒತ್ತು ಮಾತ್ರ ಹೋಗ್ಬೇಕಾ, ಇಡೀ ಶ್ವ ಹೋಗ್ಬೇಕಾ? ಕಂಪ್ಯೂಟರಲ್ಲಿ ‘ನುಡಿ’ ಸಾಫ್ಟ್‌ವೇರಲ್ಲಿ ಟೈಪ್ ಕಲಿತವ್ರು ಒಂದು ಹೇಳ್ತಾರೆ, ಮೊಬೈಲ್ ಕೀಬೋರ್ಡಲ್ಲೇ ಕನ್ನಡ ಬರೆದು ಬೆಳೆದ ಮಕ್ಕಳು ಇನ್ನೊಂದು ಹೇಳ್ತಾರೆ. ನೀವು ದಿನಾ ಕನ್ನಡ ಟೈಪ್ ಮಾಡುವವ್ರಾದ್ರೆ ಈಗ್ಲೇ ಒಂದು ಸಲ ಮಂಜೇಶ್ವರ ಅಂತ ಬರೆದು ರ ಅಳಿಸಿ, ಆಮೇಲೆ ಇನ್ನೊಂದು ಸಲ ಬ್ಯಾಕ್‌ಸ್ಪೇಸ್ ಒತ್ತಿ, ನಿಮ್ಮ ಫೋನಲ್ಲಿ ಏನು ಉಳಿತದೆ, ಏನು ಉಳಿಬೇಕಿತ್ತು ಅಂತ ನಿಮಗೆ ಅನಿಸ್ತದೆ, ಎರಡನ್ನೂ ಬರೆದು ತಿಳಿಸಿ, ಯಾವ ಕೀಬೋರ್ಡು ಅಂತಲೂ ಸೇರಿಸಿ.